ಮೂವತ್ತನಾಲ್ಕು ಅರ್ಥಗಳ ಬಾಯಿಪಾಠ

ಎಸ್ ಅಕ್ಷರವನ್ನು ನಾನು ಕೇಳಿ ಪಡೆದದ್ದಲ್ಲ. ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಸಿಂದಗಿಯಲ್ಲಿ ಬಸ್ಸು ಹತ್ತಿದ್ದೆ. ದೇವರ ಹಿಪ್ಪರಗಿಯ ಹತ್ತಿರ ಅದು ಪಂಕ್ಚರಾಯಿತು. ಬಿಸಿಲಲ್ಲಿ ಮುಕ್ಕಾಲು ತಾಸು ನಿಂತು, ನಾನು ಬಸವನ ಬಾಗೇವಾಡಿ ಮುಟ್ಟುವ ಹೊತ್ತಿಗೆ ಉಳಿದ ಮೂವರು ತಮಗೆ ಬೇಕಾದ ಅಕ್ಷರಗಳನ್ನು ಹಂಚಿಕೊಂಡು ಚಹಾ ಕೂಡ ಕುಡಿದು ಮುಗಿಸಿದ್ದರು.

"ಬರ್ರಿ ಸರ, ನಿಮಗಂತನ ಎಸ್ ತಗದಿಟ್ಟೇವಿ," ಎಂದರು ಇಂಡಿಯ ಮಾಸ್ತರರು. ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರ ಅದೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಡ ಎನ್ನುವಷ್ಟು ಕಸುವು ಆ ಹೊತ್ತಿನಲ್ಲಿ ನನ್ನಲ್ಲಿ ಉಳಿದಿರಲಿಲ್ಲ.

ಕೆಲಸ ಇಷ್ಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹೈಸ್ಕೂಲು ಮಕ್ಕಳಿಗೆ ಕೈಯಲ್ಲಿ ಹಿಡಿಯುವಷ್ಟು ಒಂದು ಇಂಗ್ಲಿಷ್-ಕನ್ನಡ ನಿಘಂಟು ಬೇಕಾಗಿತ್ತು. ಅಚ್ಚು ಹಾಕಿಸುವವರು ಸಿಕ್ಕಿದ್ದರು, ಬರೆಯುವವರು ನಾವು ನಾಲ್ವರು. ಬಾಗೇವಾಡಿಯ ನಿವೃತ್ತ ಹೆಡ್‌ಮಾಸ್ತರರು ಸಂಪಾದಕರು. ಅವರನ್ನು ನಾವೆಲ್ಲ ಹಿರಿಯರು ಎಂದೇ ಕರೆಯುತ್ತಿದ್ದೆವು. ಉಳಿದವರು ಇಂಡಿಯ ಮಾಸ್ತರರು, ಮುದ್ದೇಬಿಹಾಳದ ಶಿಕ್ಷಕಿ ಒಬ್ಬರು, ಅವರನ್ನು ಬಾಯಾರು ಎನ್ನುತ್ತಿದ್ದೆವು, ಮತ್ತು ಸಿಂದಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ನಾನು.

ಹಿರಿಯರು ಹಾಕಿಕೊಟ್ಟ ಪದ್ಧತಿ ಕಟ್ಟುನಿಟ್ಟಾಗಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿ, ಖಾಲಿ ಬದಿಯಲ್ಲಿ ಬರೆಯಬೇಕು. ಮೇಲೆ ಶಬ್ದ, ನಡುವೆ ಅದು ಬಂದ ವಾಕ್ಯ, ಕೆಳಗೆ ಯಾರು ಎಲ್ಲಿ ಅಂದರು ಅಥವಾ ಯಾವ ಪುಸ್ತಕದ್ದು ಎಂಬ ವಿವರ, ಕೊನೆಗೆ ಕನ್ನಡ ಅರ್ಥ. ಒಂದು ಚೀಟಿಗೆ ಒಂದೇ ಅರ್ಥ. ವಾಕ್ಯಗಳನ್ನು ಮನಸ್ಸಿನಿಂದ ಹುಟ್ಟಿಸುವಂತಿಲ್ಲ, ಓದಿರಬೇಕು ಇಲ್ಲವೇ ಕಿವಿಯಾರೆ ಕೇಳಿರಬೇಕು. ಚೀಟಿಗಳನ್ನು ನಾನು ಬೂಟಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದೆ. ಮೂರು ತಿಂಗಳಲ್ಲಿ ಡಬ್ಬಿಗಳು ಮಂಚದ ಕೆಳಗೆಲ್ಲ ತುಂಬಿ, ಮನೆಯವಳು ಕಸ ಗುಡಿಸುವುದನ್ನೇ ಬಿಟ್ಟಳು.

ಹೇಗೋ ಎಳೆದುಕೊಂಡು ಹೋಗಿ ಸೆಟ್ ಎಂಬ ಶಬ್ದಕ್ಕೆ ಬಂದೆ. ಮೂರೇ ಅಕ್ಷರದ್ದು, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಏಳು ವಾರ ಹಿಡಿಯಿತು.

ಪಠ್ಯಪುಸ್ತಕಗಳಿಂದ ತೆಗೆದವೇ ಇಪ್ಪತ್ತನಾಲ್ಕಾದವು. ಇಡುವುದು, ಮುಳುಗುವುದು, ಹೂಡುವುದು, ಹೊರಡುವುದು, ಗಣಿತದ ಗಣ, ಹೀಗೆ. ಆಮೇಲೆ ಜನರ ಬಾಯಿಂದ ಕೇಳಿದವು ಶುರುವಾದವು. ಮುರಿದ ಎಲುಬು ಸೆಟ್ ಆಗುತ್ತದೆ, ಲಗ್ನ ಸೆಟ್ ಆಗುತ್ತದೆ, ಮೊಸರೂ ಸೆಟ್ ಆಗುತ್ತದೆ. ಮುದ್ದೇಬಿಹಾಳದ ಬಾಯಾರು ತಮ್ಮ ಮನೆಯ ಸ್ಲ್ಯಾಬ್ ಹಾಕುವಾಗ ಗೌಂಡಿ ಅಂದದ್ದನ್ನು ಬರೆದು ಕಳಿಸಿದರು: "ಇನ್ನಾ ಸೆಟ್ ಆಗಿಲ್ರಿ, ಕಾಲ ಇಡಬ್ಯಾಡ್ರಿ." ಇಂಡಿಯ ಮಾಸ್ತರರು ಒಂದು ರವಿವಾರ ನನ್ನನ್ನು ತಮ್ಮೂರ ಕಡೆಯ ಲಿಂಬಿ ತೋಟಕ್ಕೆ ಕರೆದುಕೊಂಡು ಹೋದರು. ತೋಟದ ಯಜಮಾನ ಗಿಡದ ಟೊಂಗೆ ಬಗ್ಗಿಸಿ, ಹೂ ಉದುರಿದ ಜಾಗದಲ್ಲಿ ಕಾಳಿನಷ್ಟು ಹಸಿರು ಕಾಯಿ ತೋರಿಸಿ, "ಈ ಸಲ ಸೆಟ್ಟಿಂಗ್ ಚಲೋ ಹಿಡದೈತ್ರಿ," ಎಂದ. ಅದಕ್ಕೂ ಒಂದು ಚೀಟಿ ಆಯಿತು. ಎಲ್ಲ ಕೂಡಿ ಮೂವತ್ತನಾಲ್ಕು ಚೀಟಿಗಳು.

ಅವುಗಳಿಗೆ ನಂಬರು ಹಾಕುವುದು ಉಳಿದಿತ್ತು. ದೊಡ್ಡ ನಿಘಂಟುಗಳ ಕ್ರಮವನ್ನೇ ಇಟ್ಟುಕೊಳ್ಳೋಣ ಎಂದರು ಹಿರಿಯರು. ಒಂದನೆಯದು ಇಡು. ನಮ್ಮ ಜನರ ಬಾಯಿಂದ ಬಂದವೆಲ್ಲ ಬಾಲದಲ್ಲಿ ಹೋದವು, ಲಿಂಬಿ ಮೂವತ್ಮೂರನೆಯದಾಯಿತು. ನನಗೂ ಅದು ಸರಿಯೆನಿಸಿತು. ನಿಘಂಟಿನ ಮೊದಲ ಪುಟಕ್ಕೆ ಒಂದು ಸೂಚನೆಯನ್ನೂ ನಾನೇ ಬರೆದೆ: ಒಂದನೆಯ ಅರ್ಥದಿಂದ ಕ್ರಮವಾಗಿ ವಾಕ್ಯಕ್ಕೆ ಹೊಂದಿಸಿ ನೋಡಿರಿ. ಮುತ್ತಿನಂಥ ಅಕ್ಷರದಲ್ಲಿ ಸೆಟ್‌ನ ಶುದ್ಧ ಪ್ರತಿ ಮಾಡಿ, ಎದುರಿಗಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ. ಆ ಹೆಮ್ಮೆಯನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇನ್ನು ಅಡುಗೆಮನೆಯ ಮಾತು. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಕೋಣೆಗೆ ಹತ್ತಿಯೇ ಬಿಸಿಯೂಟದ ಅಡುಗೆಮನೆ. ನಡುವಿನ ಗೋಡೆಯಲ್ಲಿ ಸರಳಿನ ಒಂದು ಕಿಟಕಿ. ದಿನಾ ಮೊದಲ ಪಿರಿಯಡ್ ಹತ್ತು ನಿಮಿಷ ನಾನು ಶಬ್ದಾರ್ಥ ಹೇಳಿಸುತ್ತೇನೆ. ನಾನು ಇಂಗ್ಲಿಷ್ ಶಬ್ದ ಅಂದರೆ ಮಕ್ಕಳು ಒಂದೇ ದನಿಯಲ್ಲಿ ಕನ್ನಡ ಅರ್ಥ ಕೂಗಬೇಕು. ನನ್ನ ಮಾಸ್ತರರು ನನಗೆ ಹೀಗೇ ಕಲಿಸಿದ್ದರು. ಕಿಟಕಿಯ ಆಚೆ ಅಡುಗೆ ಮಾಡುವ ಹೆಣ್ಣುಮಗಳು ಎಂಟು ವರ್ಷದಿಂದ ಬೇಳೆ ಹಸನು ಮಾಡುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಕೇಳಿ ಕೇಳಿಯೇ ಧೈರ್ಯ ಬಂದು, ಹೊರಗಿನಿಂದ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದಳು. ಐದು ವಿಷಯ ಪಾಸಾದಳು. ಇಂಗ್ಲಿಷ್ ಒಂದರಲ್ಲಿ ಎರಡು ಸಲ ಹೋಯಿತು.

ಆಕೆಗೆ ಅದು ಸುಮ್ಮನೆ ಹವ್ಯಾಸವಾಗಿರಲಿಲ್ಲ. ಹಾಸ್ಟೆಲಿನ ಕಾಯಂ ಅಡುಗೆಯವರ ಹುದ್ದೆಗೆ ಹತ್ತನೇ ಪಾಸು ಕೇಳುತ್ತಿದ್ದರು. ಆ ಹುದ್ದೆ ಕರೆಯುವುದು ಯಾವಾಗಲೋ ಒಮ್ಮೆ. ವಯಸ್ಸಿನ ಮಿತಿ ದಾಟಲು ಆಕೆಗೆ ಉಳಿದಿದ್ದದ್ದು ಎರಡು ವರ್ಷ.

ಒಂದು ದಿನ ಕಿಟಕಿಯಿಂದಲೇ ಕೇಳಿದಳು. "ಸರ, ಒಂದ ಶಬ್ದಕ್ಕ ಒಂದ ಅರ್ಥ ಅಂತ ನೀವು ಹೇಳಸ್ತೀರಿ. ಪೇಪರ್‌ನ್ಯಾಗ ನೋಡಿದ್ರ ಬ್ಯಾರೇನ ಇರತೈತ್ರಿ. ನಾ ಯಾವುದು ಹಿಡೀಬೇಕು?"

ನನಗೆ ಬಹಳ ಖುಷಿಯಾಯಿತು. ನಿಘಂಟನ್ನು ಯಾರ ಮೇಲಾದರೂ ಪರೀಕ್ಷಿಸಿ ನೋಡಬೇಕೆಂದು ಹಿರಿಯರು ಹೇಳುತ್ತಲೇ ಇದ್ದರು. ಸೆಟ್‌ನ ಶುದ್ಧ ಪ್ರತಿಯ ಝೆರಾಕ್ಸ್ ತೆಗೆಸಿ, ನನ್ನ ಸೂಚನೆಯನ್ನೂ ಜೋಡಿಸಿ ಆಕೆಗೆ ಕೊಟ್ಟೆ.

"ಇದನ್ನ ಓದ ತಂಗಿ. ಒಂದರಿಂದ ಶುರು ಮಾಡಿ ಹಚ್ಚಿ ಹಚ್ಚಿ ನೋಡು. ಎಲ್ಲ್ಯಾರ ಒಂದು ಕೂಡೇ ಕೂಡತೈತಿ."

ಎಂಟನೆಯ ದಿನ ಆಕೆ ಅನ್ನದ ಪಾತ್ರೆಯ ಮುಂದೆ ನಿಂತು ಮೂವತ್ತನಾಲ್ಕನ್ನೂ ನಂಬರಿನ ಪ್ರಕಾರ ಒಪ್ಪಿಸಿದಳು. ನಡುವೆ ಎಲ್ಲೂ ತಡವರಿಸಲಿಲ್ಲ. ಮಕ್ಕಳಿಗೆ ಕೇಳಿದಂತೆ ಅಡ್ಡ ಕೇಳಿದೆ. "ಮೂವತ್ತೊಂದು?"

"ಹೆಪ್ಪುಗಟ್ಟು ರೀ."

"ಇಪ್ಪತ್ತೆಂಟು?"

"ಗಡಿಯಾರದ ಮುಳ್ಳು ಸರಿ ಹಚ್ಚು ರೀ."

ಅಂದೇ ಹಿರಿಯರಿಗೆ ಫೋನ್ ಮಾಡಿ ಪ್ರಯೋಗ ಗೆದ್ದಿತು ಎಂದು ಹೇಳಿದೆ. ಮರುದಿನ ಸ್ಟ್ಯಾಂಡ್ ಎಂಬ ಶಬ್ದದ ಇಪ್ಪತ್ತಾರು ಅರ್ಥಗಳನ್ನೂ ಆಕೆಗೆ ಕೊಟ್ಟೆ. ಅದನ್ನೂ ಬಾಯಿಪಾಠ ಮಾಡಿದಳು. ಒಂದೇ ಒಂದು ವಾಕ್ಯವನ್ನು ಆಕೆಯ ಮುಂದಿಟ್ಟು, ಇಲ್ಲಿ ಯಾವುದು ಹೇಳು ಎಂದು ನಾನು ಕೇಳಲಿಲ್ಲ. ಹನ್ನೊಂದು ವರ್ಷ ಮಕ್ಕಳನ್ನೂ ನಾನು ಹಾಗೆ ಕೇಳಿರಲಿಲ್ಲ.

ಪರೀಕ್ಷೆಯ ದಿನ ಸಿಂದಗಿಯ ಕೇಂದ್ರದ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಗಂಟೆ ಹೊಡೆದ ಮೇಲೆ ಎಲ್ಲರೂ ಬಂದರು, ಆಕೆ ಕೊನೆಗೆ ಬಂದಳು. ಮುಖ ಬಾಡಿತ್ತು.

"ಹೊತ್ತು ಸಾಲಲಿಲ್ರಿ ಸರ," ಎಂದಳು.

ಫಲಿತಾಂಶ ಬಂದಾಗ ಇಪ್ಪತ್ತೊಂಬತ್ತು ಅಂಕ. ಬೇಕಾಗಿದ್ದದ್ದು ಮೂವತ್ತೈದು. ಅದಾಗಿ ಎರಡು ವಾರದ ಒಳಗೇ ಹಾಸ್ಟೆಲ್ ಹುದ್ದೆಗೆ ಅರ್ಜಿ ಕರೆದು, ಕೊನೆಯ ದಿನಾಂಕವೂ ಮುಗಿದುಹೋಯಿತು. ಅರ್ಜಿಗೆ ಹತ್ತನೇ ಪಾಸಿನ ಅಂಕಪಟ್ಟಿ ಹಚ್ಚಬೇಕಿತ್ತು. ಆಕೆಯ ಹತ್ತಿರ ಹಚ್ಚಲು ಏನೂ ಇರಲಿಲ್ಲ.

ಎರಡು ಬಾಯಿಪಾಠ ಇದ್ದೂ ಹೇಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ನಪಾಸಾದವರಿಗೆ ಅದೇ ಬೇಸಿಗೆಯಲ್ಲಿ ಮತ್ತೆ ನಡೆಸುವ ಎರಡನೇ ಪರೀಕ್ಷೆಗೆ ಆಕೆಯ ಹೆಸರು ಕಟ್ಟಿಸುವಾಗ ಉತ್ತರಪತ್ರಿಕೆಯ ನಕಲಿಗೂ ಅರ್ಜಿ ಹಾಕಿಸಿದೆ. ಬಂದ ಹಾಳೆಗಳನ್ನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಕುಳಿತು ಓದಿದೆ. ಮೊದಲ ಪುಟಗಳು ಚೆನ್ನಾಗಿದ್ದವು. ಒಂದು ಗದ್ಯಭಾಗ ಕೊಟ್ಟು, ಅದರಲ್ಲಿ ಗೆರೆ ಎಳೆದ ಎರಡು ಶಬ್ದಗಳಿಗೆ ಅರ್ಥ ಕೇಳಿದ್ದರು. ಒಂದು ಸೆಟ್, ತಾಯಿ ಮಗಳು ನಸುಕಿನಲ್ಲಿ ಹೊರಟರು ಎಂಬಂಥ ವಾಕ್ಯ. ಇನ್ನೊಂದು ಸ್ಟ್ಯಾಂಡ್. ಎರಡಕ್ಕೂ ಸರಿಯಾದ ಉತ್ತರ ಬರೆದಿದ್ದಳು. ಎರಡೂ ಒಂದೊಂದು ಅಂಕದ ಪ್ರಶ್ನೆಗಳು. ಅಲ್ಲಿಂದ ಮುಂದೆ ಪತ್ರಲೇಖನ ಖಾಲಿ. ಪ್ರಬಂಧ ಖಾಲಿ. ರಜೆ ಚೀಟಿ ಬರೆಯುವುದು ಆಕೆಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು.

ಕೊನೆಯ ಪುಟದಲ್ಲಿ ಕಚ್ಚಾ ಕೆಲಸದ ಜಾಗವಿತ್ತು. ಅಲ್ಲಿ ಎರಡು ಸಾಲು ಅಂಕಿಗಳು ಮೇಲಿನಿಂದ ಕೆಳಗೆ ಬಂದಿದ್ದವು. ಒಂದು, ಎರಡು, ಮೂರು. ಪ್ರತಿಯೊಂದರ ಪಕ್ಕ ಆ ಅರ್ಥವನ್ನು ಪೂರ್ತಿ ಬರೆದು, ವಾಕ್ಯಕ್ಕೆ ಹಚ್ಚಿ ನೋಡಿ, ಕೂಡದಿದ್ದಾಗ ಕಾಟು ಹೊಡೆದಿದ್ದಳು. ಮೊದಲ ಸಾಲು ಇಪ್ಪತ್ಮೂರರಲ್ಲಿ ನಿಂತಿತ್ತು, ಹೊರಡು. ಎರಡನೆಯದು ಹತ್ತೊಂಬತ್ತರಲ್ಲಿ. ನಾನು ಹೇಳಿದ್ದನ್ನು ಆಕೆ ಒಂದಕ್ಷರ ತಪ್ಪದೆ ಮಾಡಿದ್ದಳು. ಎರಡು ಅಂಕಕ್ಕಾಗಿ ಪರೀಕ್ಷೆಯ ಹೊತ್ತೆಲ್ಲ ಅಲ್ಲೇ ಕರಗಿಹೋಗಿತ್ತು.

ಎರಡು ದಿನ ಆಕೆಗೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಹೋಗಿ ಹಾಳೆ ತೋರಿಸಿ, ತಪ್ಪು ನನ್ನದು ಎಂದೆ.

ಆಕೆಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. "ನಿಮ್ಮ ಕಾಗದದಾಗ ಹಂಗ ಬರದಿತ್ತಲ್ರಿ. ನಾ ನನ್ನ ತಲಿಯಿಂದ ಏನೂ ಮಾಡಿಲ್ಲ."

"ಹೌದು ತಂಗಿ. ನಾನ ಬರದಿದ್ದೆ."

ಮುಂದಿನ ಶನಿವಾರ ಆಕೆಯ ನಂಬರು ಮುಚ್ಚಿ, ಆ ಕೊನೆಯ ಪುಟವನ್ನು ಬಾಗೇವಾಡಿಯಲ್ಲಿ ಮೇಜಿನ ಮೇಲಿಟ್ಟೆ. ಈ ನಿಘಂಟು ಹೀಗೇ ಅಚ್ಚಿಗೆ ಹೋಗಬಾರದು ಎಂದೆ.

ಇಂಡಿಯ ಮಾಸ್ತರರು ತಲೆಗೆ ಕೈಹಚ್ಚಿದರು. "ಅಚ್ಚಿನ ಪುಟ ಕಟ್ಟಿ ಆಗೇತ್ರಿ ಸರ. ಕಂಪ್ಯೂಟರಿನವ ಮೂರ ಸಲ ತಿದ್ದ್ಯಾನ. ಒಬ್ಬಾಕಿ ಸಲುವಾಗಿ ಎಲ್ಲಾ ಹೊಳ್ಳಿ ಮಾಡಬೇಕೇನು?"

"ನಾವು ಒಬ್ಬಾಕಿ ಮ್ಯಾಲ ಅಷ್ಟ ನೋಡೇವ್ರಿ," ಎಂದೆ. ದನಿ ಏರಿತ್ತು. "ಆ ಒಬ್ಬಾಕಿನೂ ನಪಾಸಾಗ್ಯಾಳ."

ಬಾಯಾರು ಹಾಳೆಯನ್ನು ಹತ್ತಿರ ಎಳೆದುಕೊಂಡು ಕಾಟು ಹೊಡೆದ ಅಂಕಿಗಳ ಮೇಲೆ ಬೆರಳಾಡಿಸುತ್ತ ಕುಳಿತರು. ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಕೇಳಿದರು. "ನಂಬರ ತಗದ್ರ ಹುಡುಗೂರು ಹುಡುಕೂದು ಹೆಂಗ? ಅದನ್ನ ಹೇಳ್ರಿ."

ಜಗಳ ತೆಗೆಯುವಷ್ಟು ತಯಾರಿ ಮಾಡಿಕೊಂಡು ಹೋಗಿದ್ದೆನೇ ಹೊರತು ದಾರಿ ತೋರಿಸುವಷ್ಟಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು, ಈ ಕೆಲಸ ಬಿಟ್ಟುಬಿಡೋಣ ಎಂದು ನಿಜವಾಗಿಯೂ ಅಂದುಕೊಂಡೆ. ಕುತ್ತಿಗೆ ನೋವು, ಕಣ್ಣುರಿ, ಬೇಸಿಗೆ ರಜೆಯ ಅರ್ಧ ಹೋಗಿಯೇ ಬಿಟ್ಟಿತ್ತು.

ಮರುದಿನ ಮೂವತ್ತನಾಲ್ಕು ಚೀಟಿಗಳ ಡಬ್ಬಿ ಹಿಡಿದುಕೊಂಡು ಶಾಲೆಗೆ ಹೋದೆ. ರಜೆಯಾದ್ದರಿಂದ ತರಗತಿಗಳಿಗೆ ಬೀಗ. ಅಡುಗೆಮನೆ ಮಾತ್ರ ತೆರೆದಿತ್ತು. ಉಳಿದ ಬೇಳೆಗೆ ಹುಳ ಹತ್ತಬಾರದೆಂದು ಆಕೆ ಬಿಸಿಲಿಗೆ ಹಾಕಲು ಬಂದಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು ಆಕೆಯ ಅಡುಗೆ ಡಬ್ಬಿಗಳ ಕಡೆ ನೋಡಿದೆ. ಒಂದಕ್ಕೂ ಹೆಸರು ಬರೆದಿರಲಿಲ್ಲ. ಉಪ್ಪು, ಅರಿಷಿಣ ಒಲೆಯ ಬಲಕ್ಕೆ. ಬೇಳೆ, ಅಕ್ಕಿ ತೊಳೆಯುವ ಕಲ್ಲಿನ ಹತ್ತಿರ. ಎಣ್ಣೆ ಎಡಗೈಗೆ ಸಿಗುವಂತೆ.

"ಕತ್ತಲದಾಗೂ ಸಿಗತಾವೇನು?" ಎಂದು ಕೇಳಿದೆ.

"ಎಲ್ಲಿ ಬೇಕಾಗತಾವೋ ಅಲ್ಲೇ ಇರತಾವಲ್ರಿ. ಹುಡುಕೂದೇನೈತಿ?"

ಡಬ್ಬಿಯಲ್ಲಿದ್ದ ಚೀಟಿಗಳನ್ನು ಆಕೆಯ ಮುಂದೆ ಸುರಿದೆ. ನಂಬರು ಮರೆತುಬಿಡು, ಇವನ್ನು ನಿನ್ನ ಡಬ್ಬಿ ಇಟ್ಟಂತೆ ಇಡು ಎಂದೆ. ಮೊದಲು ಅನುಮಾನದಿಂದ ನೋಡಿದಳು. ನನ್ನ ಮಾತು ಒಮ್ಮೆ ಕೇಳಿ ಕೆಟ್ಟಿದ್ದಳಲ್ಲ. ಆಮೇಲೆ ಕೈ ಒರೆಸಿಕೊಂಡು ಕುಳಿತು, ಪ್ರತಿ ಚೀಟಿಯ ವಾಕ್ಯ ಓದಿಸಿಕೊಂಡು, ಅದು ಯಾರು ಅಂದದ್ದು ಎಲ್ಲಿ ಅಂದದ್ದು ಕೇಳಿ, ನೆಲದ ಮೇಲೆ ಬೇರೆ ಬೇರೆ ಗುಂಪು ಮಾಡತೊಡಗಿದಳು.

"ಇವು ಅಡಗಿಮನಿವು. ಇವು ಹೊಲದವು, ಲಿಂಬಿ ಪಂಪಸೆಟ್ಟು ಎಲ್ಲಾ ಇಲ್ಲೇ. ಇವು ಸಾಲಿವು. ಇವು ಹಾದಿ ಹಿಡದ ಹೋಗೂವು. ಇವು ಕೈಯಾಗ ರಿಪೇರಿ ಮಾಡೂವು."

ಬೇಳೆ ಒಂದು ಸಲ ಹೊರಳಿಸುವ ಹೊತ್ತಿಗೆ ಮೂವತ್ತೊಂದು ಮುಗಿದಿದ್ದವು. ಎಲ್ಲೂ ಕೂಡದ ಮೂರನ್ನು ಪಕ್ಕಕ್ಕಿಟ್ಟಳು. ಹೊರಡು ಎಂಬ ಚೀಟಿ ಹಾದಿಯ ಗುಂಪಿನಲ್ಲಿ ಎಲ್ಲಕ್ಕೂ ಮೇಲೆ ಕುಳಿತಿತ್ತು. ಪರೀಕ್ಷೆಯಲ್ಲಿ ಅದನ್ನು ಮುಟ್ಟಲು ಆಕೆ ಇಪ್ಪತ್ತೆರಡು ಅರ್ಥ ದಾಟಿ ಬಂದಿದ್ದಳು.

ಅಲ್ಲೇ ಗಟ್ಟಿ ಮಾಡಿದೆ. ನಂಬರು ಬೇಡ. ಮೊದಲು ವಾಕ್ಯ, ಆಮೇಲೆ ಅರ್ಥ, ಮತ್ತು ಅರ್ಥಗಳು ಅವು ಇರುವ ಜಾಗದಲ್ಲಿ. ಗುಂಪುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಾಗೇವಾಡಿಗೆ ಒಯ್ದೆ. ಹಿರಿಯರು ಒಂದೊಂದೇ ಬಿಚ್ಚಿ ಓದಿದರು. ಹತ್ತಕ್ಕಿಂತ ಹೆಚ್ಚು ಅರ್ಥ ಇರುವ ಶಬ್ದಗಳನ್ನೆಲ್ಲ ಹೀಗೆ ಮಾಡಿ, ಉಳಿದವು ಇದ್ದಂತೆ ಇರಲಿ, ಮೂರು ವಾರ ಕೊಡುತ್ತೇನೆ ಎಂದರು. ಇಂಡಿಯ ಮಾಸ್ತರರು ಗೊಣಗಿದರು. ಆದರೆ ಹೊರಡುವಾಗ ತಮ್ಮ ಪಾಲಿನ ರನ್ ಶಬ್ದದ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡೇ ಹೋದರು.

ಆ ಮೂರು ವಾರ ಹೇಗೆ ಕಳೆದವೋ ಗೊತ್ತಿಲ್ಲ. ಬೆಳಿಗ್ಗೆ ಚೀಟಿ, ಮಧ್ಯಾಹ್ನ ಆಕೆಗೆ ಪಾಠ. ಆಕೆಗೆ ಕಲಿಸುವುದಕ್ಕಿಂತ ಕಲಿಸಿದ್ದನ್ನು ಬಿಡಿಸುವುದು ಕಷ್ಟವಾಯಿತು. ಮೊದಲು ಪತ್ರ, ಪ್ರಬಂಧ ಬರೆ, ಒಂದು ಅಂಕದ ಪ್ರಶ್ನೆಯಲ್ಲಿ ಸಿಕ್ಕಿಕೊಂಡರೆ ಬಿಟ್ಟು ಮುಂದೆ ಹೋಗು ಎಂದರೆ ಒಪ್ಪುತ್ತಿರಲಿಲ್ಲ.

"ಬಿಟ್ಟ ಹೋಗೂದು ಹೆಂಗ್ರಿ ಸರ? ಒಲಿ ಮ್ಯಾಲ ಇಟ್ಟದ್ದನ್ನ ಬಿಟ್ಟ ಹೋದಂಗ ಆಗತೈತಿ."

"ಹೊತ್ತಿದ್ರ ಹೊತ್ತಲಿ. ಉಳದ ಅಡಗಿ ಆಗಬೇಕಲ್ಲ."

ಕೊನೆಗೂ ಬಿಡುವುದನ್ನು ಕಲಿತಳು. ಎರಡನೇ ಪರೀಕ್ಷೆಗೆ ಒಬ್ಬಳೇ ಹೋಗಿ ಬಂದಳು, ನನಗೆ ಬರಬೇಡ ಎಂದಿದ್ದಳು.

ಶಾಲೆ ಶುರುವಾಯಿತು. ಆ ವರ್ಷದಿಂದ ಶಬ್ದಾರ್ಥ ಹೇಳಿಸುವುದನ್ನೇ ನಿಲ್ಲಿಸಬೇಕೆಂದುಕೊಂಡಿದ್ದೆ. ಮೊದಲ ದಿನ ಸುಮ್ಮನೆ ಬೋರ್ಡಿನ ಮೇಲೆ ಬರೆಯುತ್ತ ನಿಂತೆ. ಕಿಟಕಿಯಲ್ಲಿ ಆಕೆ ಕಂಡಳು. "ಯಾಕ್ರಿ ಸರ, ಇವತ್ತ ಹೇಳಸಂಗಿಲ್ಲೇನು? ಬರದದ್ದು ನನಗ ಇಲ್ಲಿಂದ ಕಾಣೂದಿಲ್ಲ." ಆಗ ಒಂದೊಂದು ಶಬ್ದದ ಬದಲು ಪೂರ್ತಿ ವಾಕ್ಯ ಹೇಳಿಸತೊಡಗಿದೆ. ನಾನು ಒಂದು ವಾಕ್ಯ ಅನ್ನುವುದು, ಮಕ್ಕಳು ಗಟ್ಟಿಯಾಗಿ ತಿರುಗಿ ಅನ್ನುವುದು, ಆಮೇಲೆ ಇದು ಎಲ್ಲಿ ನಡೆಯಿತು ಎಂದು ಕೇಳುವುದು.

ಫಲಿತಾಂಶ ಬಂದದ್ದು ಅಂಥ ಒಂದು ಪಿರಿಯಡ್ಡಿನ ನಡುವೆ. ಮಕ್ಕಳಿಗೆ ಒಂದು ಪುಟ ಬರೆಯಲು ಹೇಳಿ, ಫೋನಿನಲ್ಲಿ ಆಕೆಯ ನಂಬರು ಹಾಕಿ ನೋಡಿದೆ. ಇಂಗ್ಲಿಷಿಗೆ ನಲವತ್ತೊಂದು. ಎರಡು ಸಲ ನೋಡಿದೆ. ಸಂತೋಷಪಡುವ ಬದಲು ನನಗೆ ಹಾಸ್ಟೆಲ್ ಹುದ್ದೆ ನೆನಪಾಯಿತು. ಇದೇ ಅಂಕ ಆಗ ಬಂದಿದ್ದರೆ ಈ ಹೊತ್ತಿಗೆ ಆಕೆಯ ಅರ್ಜಿ ಒಳಗಿರುತ್ತಿತ್ತು. ಕಿಟಕಿಯ ಹತ್ತಿರ ಹೋದೆ. ಆಕೆ ಅಕ್ಕಿ ತೊಳೆಯುತ್ತಿದ್ದಳು. ಕೈ ನೀರಲ್ಲೇ ಬಿಟ್ಟು ನನ್ನ ಮುಖ ನೋಡಿದಳು.

"ತಂಗಿ, ಆ ಹುದ್ದೆ ಈ ಸಲ ನನ್ನಿಂದ ತಪ್ಪಿತು. ಮತ್ತ ಯಾವಾಗ ಕರೀತಾರೋ ಏನೋ. ನಿನಗ ಇನ್ನ ಒಂದೂವರಿ ವರ್ಷ ಅಷ್ಟ..."

"ಸರ," ಎಂದು ನಡುವೆಯೇ ತಡೆದಳು. "ಅದು ನನಗ ಗೊತ್ತೈತ್ರಿ. ದಿನಾ ಗೊತ್ತೈತಿ. ಮೊದಲ ಹೇಳೂ ಮಾತು ಬ್ಯಾರೆ ಏನರ ಐತೇನು?"

ಎಂಟು ತಿಂಗಳು ಯಾವುದು ಮೊದಲು ಯಾವುದು ಆಮೇಲೆ ಎಂದು ಗುದ್ದಾಡಿದವನು, ಇಲ್ಲೂ ತಪ್ಪು ತುದಿಯಿಂದಲೇ ಶುರು ಮಾಡಿದ್ದೆ.

"ಪಾಸಾದಿ ತಂಗಿ," ಎಂದೆ. "ನಲವತ್ತೊಂದು."

ಆಕೆ ಕೈ ಮೇಲೆತ್ತಿದಳು. ಮೊಣಕೈಯಿಂದ ನೀರು ಸೋರುತ್ತಿತ್ತು. ಆಮೇಲೆ ಕಿಟಕಿಯ ಸರಳು ಹಿಡಿದು, ನನ್ನ ಹಿಂದೆ ಬಗ್ಗಿ ಬರೆಯುತ್ತಿದ್ದ ಮಕ್ಕಳ ಕಡೆ ಗದ್ದ ತೋರಿಸಿದಳು.

"ಹುಡುಗೂರಿಗೂ ಕೇಳೂ ಹಂಗ ಗಟ್ಟ್ಯಾಗಿ ಹೇಳ್ರಿ. ಎಂಟ ವರ್ಷ ನಾ ಅವರದು ಕೇಳೇನಿ."

ನಾನು ಹೊರಳಿ ನಿಂತು, ಎಂದಿನ ದನಿಯಲ್ಲಿ, ನಮ್ಮ ಅಡುಗೆ ಅಕ್ಕ ಇಂಗ್ಲಿಷ್‌ನಲ್ಲಿ ಪಾಸಾದಳು ಎಂದೆ. ಮಕ್ಕಳು ತಲೆ ಎತ್ತಿದರು. ಏನು, ಎತ್ತ ಎಂದು ಯಾರೂ ಕೇಳಲಿಲ್ಲ. ರೂಢಿಯಂತೆ ಅರವತ್ತು ಬಾಯಿಗಳು ಒಂದೇ ದನಿಯಲ್ಲಿ ಆ ವಾಕ್ಯವನ್ನು ತಿರುಗಿ ಕೂಗಿದವು.